ಬೀಗದೊಳಗಿನ ವೀರರು



ಈಚಿನ ಕೆಲವು ವರ್ಷಗಳಿಂದ ನಮ್ಮ ಮನೆಗಳ ಹುಡುಗರ ಮಾತಿನಲ್ಲಿ 'ಅನ್‌ಲಾಕ್' ಎಂಬ ಶಬ್ದವು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿರುವುದನ್ನು ನೀವೂ ಗಮನಿಸಿರಬಹುದು. ಬೀಗ ತೆಗೆಯುವುದು ಎಂಬುದೇ ಅದರ ಅರ್ಥ. ಆದರೆ ಅವರು ತೆಗೆಯುವ ಬೀಗವು ಬಾಗಿಲಿನದಲ್ಲ, ಪೆಟ್ಟಿಗೆಯದಲ್ಲ, ಕೈಯಲ್ಲಿ ಹಿಡಿದ ಫೋನಿನದೂ ಅಲ್ಲ. “ಕಿರಿಕೋ ನನಗೆ ಅನ್‌ಲಾಕ್ ಆಯಿತು, ರಮಾಟ್ರಾ ಇನ್ನೂ ಆಗಿಲ್ಲ” ಎಂದು ಒಬ್ಬ ಹುಡುಗನು ಮತ್ತೊಬ್ಬನಿಗೆ ಹೇಳುವನು. ಪಕ್ಕದಲ್ಲಿ ಕುಳಿತ ಹಿರಿಯರಿಗೆ ಇದು ಒಗಟಿನಂತೆ ತೋರುವುದು. ಕಿರಿಕೋ, ರಮಾಟ್ರಾ ಎಂಬುವು ಗಣಕಯಂತ್ರದ ಆಟವೊಂದರಲ್ಲಿ ಹೋರಾಡುವ ಕಲ್ಪಿತ ವೀರರ ಹೆಸರುಗಳು. (ಎರಡನೆಯ ಹೆಸರು ಸಂಸ್ಕೃತದಂತೆ ಕೇಳಿಸಿತೆಂದು ನಾನು ಕೋಶವನ್ನು ತೆಗೆಯಹೊರಟೆನು; ಆತನು ಒಂದು ಯಂತ್ರಮಾನವನೆಂದು ತಿಳಿದು ಕೋಶವನ್ನು ಮುಚ್ಚಿದೆನು.) ವೀರನೊಬ್ಬನನ್ನು ಬೀಗದೊಳಗೆ ಇಡುವುದೆಂದರೇನು, ಅದರ ಕೀಲಿಕೈ ಯಾರ ವಶದಲ್ಲಿರುವುದು, ಹಾಗೆ ಬೀಗ ಹಾಕುವುದು ನ್ಯಾಯವೇ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಬಂದೂಕಿನ ಆಟದ ಮಾತು ಗೃಹಸ್ಥರು ಓದುವ ಪತ್ರಿಕೆಗೆ ತಕ್ಕುದೇ ಎಂದು ಮೂಗು ಮುರಿಯುವವರು ಇರಬಹುದು. ನಮ್ಮ ಪೂರ್ವಿಕರು ಆಡಿದ ಚದುರಂಗವೂ ಸೈನ್ಯದ ಆಟವೇ. ಅದರಲ್ಲಿಯೂ ಕಾಲಾಳು ಸಾಯುವನು, ರಾಜನು ಸೆರೆ ಸಿಕ್ಕುವನು. ಆಟದ ವಸ್ತುವಿನ ಗುಣದೋಷಗಳನ್ನು ಇನ್ನೊಮ್ಮೆ ನೋಡೋಣ. ನಾನು ಇಂದು ಹೇಳಹೊರಟಿರುವುದು ಆ ಆಟದ ಒಂದು ನಿಯಮವನ್ನು ಕುರಿತು. ಮನೆಯಲ್ಲಿ ಹಣಕ್ಕಾಗಿ ಜಗಳವೂ ಹೊತ್ತಿಗಾಗಿ ಜಗಳವೂ ಹುಟ್ಟುವುದು ಈ ನಿಯಮದಿಂದಲೇ ಎಂಬುದನ್ನು ಬಹು ಮಂದಿ ಹಿರಿಯರು ಅರಿತಂತಿಲ್ಲ.

'ಓವರ್‌ವಾಚ್' ಎಂಬ ಆಟವನ್ನೇ ಮುಖ್ಯವಾಗಿ ತೆಗೆದುಕೊಳ್ಳುವೆನು. ಅಮೆರಿಕದ ಕ್ಯಾಲಿಫೋರ್ನಿಯದ ಬ್ಲಿಜರ್ಡ್ ಎಂಬ ಸಂಸ್ಥೆಯವರು ಇದನ್ನು 2016ನೆಯ ಮೇ 24ರಂದು ಹೊರತಂದರು. ಮೊದಲು ಪಕ್ಷಕ್ಕೆ ಆರು ಮಂದಿಯಂತೆ ಆಡುತ್ತಿದ್ದರು. 2022ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಪಕ್ಷಕ್ಕೆ ಐದು ಮಂದಿಯೆಂದು ಗೊತ್ತುಮಾಡಿದರು. ಆಡುವವರು ಒಂದೇ ಊರಿನವರಾಗಿರಬೇಕಾದುದಿಲ್ಲ. ಒಬ್ಬನು ಮೈಸೂರಿನಲ್ಲಿ, ಮತ್ತೊಬ್ಬನು ಸಿಂಗಪುರದಲ್ಲಿ ಕುಳಿತು ಅಂತರಜಾಲದ ಮೂಲಕ ಒಂದೇ ಪಕ್ಷದಲ್ಲಿ ಸೇರಿಕೊಳ್ಳಬಹುದು. ಆಟಗಾರನು ಪ್ರತಿ ಪಂದ್ಯದಲ್ಲಿಯೂ ಒಬ್ಬ ವೀರನನ್ನು ಆರಿಸಿಕೊಂಡು ಅವನ ರೂಪದಲ್ಲಿ ರಣಕ್ಕೆ ಇಳಿಯುವನು. ಈ ವೀರರನ್ನು ಆಂಗ್ಲದಲ್ಲಿ 'ಹೀರೋ' ಎನ್ನುವರು. ಒಬ್ಬೊಬ್ಬರಿಗೂ ಒಂದೊಂದು ವಿದ್ಯೆ. ರೈನ್‌ಹಾರ್ಟ್ ಎಂಬ ಜರ್ಮನಿಯ ವೃದ್ಧ ಯೋಧನು ದೊಡ್ಡ ಗುರಾಣಿಯನ್ನು ಹಿಡಿದು ತನ್ನವರನ್ನು ಮರೆಮಾಡುವನು. ಮರ್ಸಿ ಎಂಬವಳು ಗಾಯಗೊಂಡವರನ್ನು ಗುಣಪಡಿಸುವಳು. ಫರಾ ಎಂಬವಳು ಆಕಾಶಕ್ಕೆ ಹಾರಿ ಮೇಲಿನಿಂದ ಅಗ್ನಿಬಾಣಗಳನ್ನು ಸುರಿಸುವಳು. ಸಿಮೆಟ್ರಾ ಎಂಬವಳು ನಮ್ಮ ದೇಶದವಳು. ಹೈದರಾಬಾದಿನ ಬಡತನದಲ್ಲಿ ಹುಟ್ಟಿದಳೆಂದೂ ಬೆಳಕಿನಿಂದಲೇ ಗೋಡೆಗಳನ್ನು ಕಟ್ಟಬಲ್ಲಳೆಂದೂ ಕಥೆ.

ಇಲ್ಲಿ ಒಂದು ಮುಖ್ಯವಾದ ಸೂಕ್ಷ್ಮವುಂಟು. ಮುಂದಿನ ವಾದವೆಲ್ಲವೂ ಇದನ್ನೇ ಅವಲಂಬಿಸಿದೆ. ಓವರ್‌ವಾಚಿನಲ್ಲಿ ಪಂದ್ಯವು ನಡೆಯುತ್ತಿರುವಾಗಲೇ ಆಟಗಾರನು ತನ್ನ ವೀರನನ್ನು ಬಿಟ್ಟು ಮತ್ತೊಬ್ಬನನ್ನು ಹಿಡಿಯಬಹುದು. ಎದುರಾಳಿಯು ಫರಾಳನ್ನು ಹಾರಿಸಿದನೋ, ನಾವು ನೆಲದ ಮೇಲಿಂದಲೇ ನೇರವಾಗಿ ಗುರಿಯಿಡಬಲ್ಲವನೊಬ್ಬನನ್ನು ತರಬೇಕು. ಎದುರಾಳಿಯು ಅನಾ ಎಂಬವಳನ್ನು ತಂದನೆನ್ನಿರಿ. ಅವಳು ಎಸೆಯುವ ಒಂದು ಬಗೆಯ ಗಡಿಗೆ ತಗಲಿದವರಿಗೆ ಕೆಲವು ಕ್ಷಣಗಳ ಕಾಲ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ; ನಮ್ಮ ವೈದ್ಯರು ನಿಂತು ನೋಡಬೇಕು, ನಮ್ಮವರು ಬೀಳಬೇಕು. ಇದನ್ನು ಕಳೆಯಬಲ್ಲವರು ಕೆಲವರೇ. ಅವರಲ್ಲಿ ಎದ್ದು ಕಾಣುವವಳು ಕಿರಿಕೋ ಎಂಬ ಜಪಾನಿನ ಹೆಣ್ಣು. ಅವಳು ಒಂದು ಗೆಜ್ಜೆಯನ್ನು ಎಸೆದರೆ ಸಮೀಪದಲ್ಲಿದ್ದ ಸ್ವಪಕ್ಷದವರಿಗೆಲ್ಲ ಅಂಟಿದ ದೋಷವು ಕಳೆಯುವುದು. ಆದುದರಿಂದ ಈ ಆಟದಲ್ಲಿ ಒಬ್ಬೊಬ್ಬ ವೀರನೂ ಒಂದೊಂದು ಪ್ರಶ್ನೆಗೆ ಉತ್ತರವೆಂದು ತಿಳಿಯತಕ್ಕದ್ದು. ಉತ್ತರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಪ್ರಶ್ನೆಯು ಮಾತ್ರ ಉಳಿಯುವುದು.

2016ರಲ್ಲಿ ಇಂಥ ಬೀಗವು ಇರಲಿಲ್ಲ. ಆಟವನ್ನು ಒಮ್ಮೆ ಹಣ ಕೊಟ್ಟು ಕೊಂಡವನಿಗೆ 21 ವೀರರೂ ಆ ದಿನವೇ ದೊರೆಯುತ್ತಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ಅನಾ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಬರುತ್ತ 2020ರ ಏಪ್ರಿಲಿನ ಹೊತ್ತಿಗೆ ಸಂಖ್ಯೆಯು 32ಕ್ಕೆ ಏರಿತು. ಹೊಸಬರಿಗಾಗಿ ಯಾರೂ ಮತ್ತೆ ಕಾಸು ಕೊಡಬೇಕಾಗಲಿಲ್ಲ.

2022ನೆಯ ಅಕ್ಟೋಬರ್ 4ರಂದು 'ಓವರ್‌ವಾಚ್ 2' ಎಂಬ ಹೆಸರಿನಿಂದ ಆಟವು ಹೊಸ ವೇಷವನ್ನು ಧರಿಸಿತು. ಇನ್ನು ಮುಂದೆ ಆಟಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಂದು ಆಡಬಹುದು ಎಂದು ಸಾರಿದರು. ಬಾಗಿಲು ತೆರೆಯಿತು, ಆದರೆ ಒಳಗಿನ ಕೋಣೆಗಳಿಗೆ ಬೀಗ ಬಿದ್ದಿತು. ಆ ಬೀಗಗಳು ಎರಡು ಜಾತಿಯವು. ಎರಡಕ್ಕೂ ಹುಡುಗರು ಒಂದೇ ಹೆಸರನ್ನು ಹೇಳುವುದರಿಂದ ಹಿರಿಯರಿಗೆ ಗೊಂದಲವಾಗುವುದು.

ಮೊದಲನೆಯ ಬೀಗವು ಹೊಸಬನಿಗೆ. ಹಿಂದೆ ಎಂದೂ ಆಡದೆ ಈಗ ಬಂದವನಿಗೆ ಆರಂಭದಲ್ಲಿ ಕೆಲವೇ ವೀರರನ್ನು ಕೊಟ್ಟು, ಅವನು ಪಂದ್ಯಗಳನ್ನು ಆಡುತ್ತ ಹೋದಂತೆ ಉಳಿದವರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಡುತ್ತಿದ್ದರು. ಹಳೆಯ ವೀರರೆಲ್ಲರೂ ಕೈಗೆ ಬರಬೇಕಾದರೆ ಆಗ ಸುಮಾರು 100 ಪಂದ್ಯಗಳಾಗಬೇಕಾಗಿತ್ತು. ಶ್ರೇಣಿಯನ್ನು ಎಣಿಸುವ ಸ್ಪರ್ಧೆಯ ಪಂದ್ಯಗಳಿಗೆ ಸೇರಬೇಕಾದರೆ ಮೊದಲು ಸಾಮಾನ್ಯ ಪಂದ್ಯಗಳಲ್ಲಿ 50 ಗೆಲುವುಗಳನ್ನು ಪಡೆಯಬೇಕೆಂದು ಆಗ ಕಟ್ಟು ಮಾಡಿದರು. ಈ ಬೀಗವನ್ನು ತೆಗೆಯುವುದು ಆಟವೇ.

ಎರಡನೆಯ ಬೀಗವು ಹೊಸ ವೀರರ ಮೇಲೆ. ಕಿರಿಕೋ ಹೀಗೆ ಬಂದ ಮೊದಲನೆಯವಳು. ಒಂಬತ್ತು ವಾರಗಳಿಗೆ ಒಂದು ಋತು. ಋತುವಿಗೆ ಒಂದು 'ಬ್ಯಾಟಲ್ ಪಾಸ್'. ಇದೇನೆಂದರೆ 80 ಮೆಟ್ಟಿಲುಗಳ ಒಂದು ಏಣಿ. ಆಡಿದಷ್ಟೂ ಮೆಟ್ಟಿಲುಗಳನ್ನು ಏರಬಹುದು. ಮೆಟ್ಟಿಲು ಮೆಟ್ಟಿಲಿಗೂ ಏನಾದರೊಂದು ಬಹುಮಾನ. ಕಿರಿಕೋಳನ್ನು 55ನೆಯ ಮೆಟ್ಟಿಲಿನಲ್ಲಿ ಕೂರಿಸಿದರು. ಹಣ ಕೊಟ್ಟವನಿಗೆ ಮಾತ್ರ ಅವಳು ಮೊದಲ ದಿನವೇ ಬರುತ್ತಿದ್ದಳು. ಅದರ ಬೆಲೆ ಆ ಆಟದ 1000 ನಾಣ್ಯಗಳು, ಅಂದರೆ ಹತ್ತು ಡಾಲರು; ಆ ಕಾಲದ ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿಗೆ ಸ್ವಲ್ಪ ಮೇಲೆ. ಆಡಿಯೇ ನಾಣ್ಯ ಸಂಪಾದಿಸುವೆನೆಂಬ ಛಲವಂತನಿಗೆ ವಾರಕ್ಕೆ ಹೆಚ್ಚೆಂದರೆ 60 ನಾಣ್ಯಗಳು ದೊರೆಯುತ್ತಿದ್ದುವು. ಲೆಕ್ಕ ಹಾಕಿ ನೋಡಿರಿ: ಸಾವಿರಕ್ಕೆ ಹದಿನೇಳು ವಾರಗಳು; ಅಷ್ಟು ಹೊತ್ತಿಗೆ ಎರಡನೆಯ ಋತುವೂ ಮುಗಿಯಲು ಬಂದಿರುವುದು. ಹಳೆಯ ಆಟವನ್ನು ಹಿಂದೆಯೇ ಕೊಂಡಿದ್ದವರಿಗೆ ಗೊತ್ತಾದ ಅವಧಿಯೊಳಗೆ ಬಂದರೆ ಕಿರಿಕೋ ಉಚಿತವಾಗಿ ದೊರೆತಳು. ಹೊಸದಾಗಿ ಬಂದವರಿಗೆ ಏಣಿ, ಇಲ್ಲವೆ ಹಣ.

ಈ ಎರಡು ಬೀಗಗಳ ಅಂತರವನ್ನು ಕೊಂಚ ವಿಸ್ತರಿಸಿ ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತವನ್ನು ಕಲಿಸಿದವನು ನಾನು. ಬೀಗ ಹಾಕುವ ಕೆಲಸವು ನನಗೂ ಹೊಸದಲ್ಲ.

ನಮ್ಮ ಶಾಸ್ತ್ರಗಳಲ್ಲಿ 'ಅಧಿಕಾರ' ಎಂಬುದೊಂದು ಪರಿಭಾಷೆ. ಇಂದಿನ ಮಾತಿನಲ್ಲಿ ಅದು ದರ್ಪವೆಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಮೂಲದಲ್ಲಿ ಅದು ಅರ್ಹತೆ, ಸಿದ್ಧತೆ. ಒಂದು ಗ್ರಂಥವನ್ನು ಆರಂಭಿಸುವಾಗ ಇದರ ವಿಷಯವೇನು, ಪ್ರಯೋಜನವೇನು ಎಂಬುದರೊಡನೆ ಇದಕ್ಕೆ ಅಧಿಕಾರಿ ಯಾರು ಎಂಬುದನ್ನೂ ಹೇಳುವುದು ಹಿಂದಿನವರ ಪದ್ಧತಿ. ಶಬ್ದರೂಪಗಳನ್ನೇ ಕಲಿಯದ ಹುಡುಗನ ಕೈಗೆ ಯಾವ ಉಪಾಧ್ಯಾಯನೂ ನೈಷಧವನ್ನು ಕೊಡಲಾರನು. ಮೊದಲು ಶಬ್ದ, ಧಾತು, ಬಳಿಕ ಅಮರಕೋಶ, ಆಮೇಲೆ ರಘುವಂಶದ ಎರಡು ಸರ್ಗ, ಹೀಗೆ ಏರುತ್ತ ಏರುತ್ತ ಭಾರವಿ, ಮಾಘ. ಇದೂ ಒಂದು ಬೀಗವೇ. ಆದರೆ ಇದರ ಕೀಲಿಕೈಯನ್ನು ಹುಡುಗನು ತಾನೇ ಮಾಡಿಕೊಳ್ಳುವನು. ಅವನು ಸಿದ್ಧನಾದ ದಿನ ಬೀಗವು ತಾನಾಗಿ ಬಿಚ್ಚುವುದು. ಬಿಚ್ಚಿದಾಗ ಒಳಗಿರುವುದನ್ನು ಅವನು ಬಳಸಬಲ್ಲನು. ಅಶ್ವತ್ಥಾಮನ ಕಥೆ ನಿಮಗೆ ನೆನಪಿರಬಹುದು. ಬ್ರಹ್ಮಶಿರೋಸ್ತ್ರವನ್ನು ಬಿಡಲು ಕಲಿತವನಿಗೆ ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಇಲ್ಲದೆ ಹೋಯಿತು. ಅರ್ಜುನನು ತನ್ನದನ್ನು ಉಪಸಂಹರಿಸಿದನು, ಇವನ ಅಸ್ತ್ರವು ಉತ್ತರೆಯ ಗರ್ಭದ ಮೇಲೆ ಬಿದ್ದಿತು. ದ್ರೋಣನು ಮಗನ ಕಾಟವನ್ನು ತಾಳಲಾರದೆ ಬೀಗವನ್ನು ಬೇಗನೆ ತೆಗೆದುದರ ಫಲವಿದು.

ಓವರ್‌ವಾಚಿನ ಮೊದಲನೆಯ ಬೀಗವು ಈ ಜಾತಿಯದು. ಮೂವತ್ತಕ್ಕೆ ಮೇಲ್ಪಟ್ಟ ವೀರರನ್ನು ಒಮ್ಮೆಲೆ ಎದುರಿಗೆ ನಿಲ್ಲಿಸಿದರೆ ಹೊಸಬನು ತಬ್ಬಿಬ್ಬಾಗುವನು. ಪಕ್ಷದ ಉಳಿದ ನಾಲ್ವರಿಗೂ ಅವನಿಂದ ತೊಂದರೆ. ಇನ್ನೊಂದು ಪ್ರಯೋಜನವೂ ಉಂಟು. ಆಟವು ಉಚಿತವಾದಾಗ ಮೋಸಗಾರನು ಒಂದು ಹೆಸರಿನಲ್ಲಿ ಸಿಕ್ಕಿಬಿದ್ದರೆ ಮರುಕ್ಷಣವೇ ಮತ್ತೊಂದು ಹೆಸರಿನಲ್ಲಿ ಬರಬಹುದು. ಹೀಗೆ ಬಂದವನು ಮತ್ತೆ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕೆಂದರೆ ಅವನ ಉತ್ಸಾಹವು ತಗ್ಗುವುದು. ಸಂಸ್ಥೆಯವರು ಈ ಎರಡು ಕಾರಣಗಳನ್ನೂ ಹೇಳಿದರು, ಎರಡೂ ಒಪ್ಪತಕ್ಕವು. ನೂರು ಪಂದ್ಯಗಳು ಸ್ವಲ್ಪ ಅತಿಯಾಯಿತೆಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ. ನನ್ನ ವಿದ್ಯಾರ್ಥಿಗಳೂ ಅಮರಕೋಶವು ಅತಿಯಾಯಿತೆಂದೇ ಹೇಳುತ್ತಿದ್ದರು.

ಎರಡನೆಯ ಬೀಗದ ಮಾತೇ ಬೇರೆ. ಕಿರಿಕೋಳನ್ನು 55ನೆಯ ಮೆಟ್ಟಿಲಿನಲ್ಲಿಟ್ಟುದು ಹುಡುಗನಿಗೆ ಅವಳನ್ನು ಆಡಲು ಯೋಗ್ಯತೆ ಸಾಲದೆಂದಲ್ಲ. ಹತ್ತು ಡಾಲರು ಕೊಟ್ಟವನಿಗೆ ಮೊದಲ ದಿನವೇ ಕೊಟ್ಟರಲ್ಲವೇ? ಹಣವನ್ನು ಕಂಡೊಡನೆ ತೆರೆಯುವ ಬೀಗವು ಯೋಗ್ಯತೆಯನ್ನು ಪರೀಕ್ಷಿಸುವ ಬೀಗವಲ್ಲ. ಅದು ಅಂಗಡಿಯ ಬೀಗ. ಅಂಗಡಿಗೆ ಬೀಗವಿರಬಾರದೆಂದು ನಾನು ಹೇಳುವುದಿಲ್ಲ. ಸ್ಪರ್ಧೆಯ ಕಣದ ನಡುವೆ ಅಂಗಡಿಯನ್ನು ಇಡುವುದು ತರವೇ ಎಂಬುದೇ ಪ್ರಶ್ನೆ. ಸ್ಪರ್ಧೆಯೆಂದರೆ ಇಬ್ಬರಿಗೂ ಒಂದೇ ಸಾಮಗ್ರಿ, ಒಂದೇ ನಿಯಮ; ಅಂತರವಿದ್ದರೆ ಅದು ಕೈಯಲ್ಲಿ, ಕಣ್ಣಿನಲ್ಲಿ, ಬುದ್ಧಿಯಲ್ಲಿ ಇರಬೇಕು. ಚದುರಂಗದಲ್ಲಿ ಎದುರಾಳಿಗೆ ಎರಡು ಆನೆಗಳಿದ್ದು ನಿಮಗೆ ಒಂದೇ ಆನೆಯಿದ್ದು, ಇನ್ನೊಂದನ್ನು ಪಡೆಯಲು ಒಂಬತ್ತು ವಾರ ಆಡಿರಿ, ಇಲ್ಲವೆ ಎಂಟುನೂರು ರೂಪಾಯಿ ತನ್ನಿರಿ ಎಂದರೆ, ಅಂಥ ಆಟದಲ್ಲಿ ಸೋತವನನ್ನು ಸೋತನೆನ್ನಬಹುದೇ, ಗೆದ್ದವನನ್ನು ಗೆದ್ದನೆನ್ನಬಹುದೇ?

ಆಗ ನಮ್ಮ ಮನೆಯಲ್ಲಿ ಈ ಪ್ರಶ್ನೆಯು ಎದ್ದಿತು. ನನ್ನ ಮೊಮ್ಮಗನು ಆಟವು ಉಚಿತವಾದ ಮೇಲೆ ಸೇರಿದವನು. ಅವನು ಎಂಟುನೂರು ರೂಪಾಯಿಗಳನ್ನು ಕೇಳಿದಾಗ, ಅವಳಿಲ್ಲದೆ ನಿನಗೆ ಆಡಲಾಗದೇ ಎಂದು ನಾನು ಕೇಳಿದೆನು. “ನನಗೊಬ್ಬನಿಗೇ ಆಗಿದ್ದರೆ ಆಗುತ್ತಿತ್ತು ತಾತ. ನನ್ನಲ್ಲಿ ಕಿರಿಕೋ ಇಲ್ಲದ್ದಕ್ಕೆ ಉಳಿದ ನಾಲ್ಕು ಜನ ಸೋಲುತ್ತಾರೆ. ಅವರಲ್ಲಿ ಯಾರೂ ನನ್ನ ಪರಿಚಯದವರಲ್ಲ, ನನ್ನ ಬಳಿ ದುಡ್ಡಿಲ್ಲವೆಂಬುದು ಅವರಿಗೆ ಗೊತ್ತೂ ಇಲ್ಲ” ಎಂದನು. ಹದಿನಾರು ವರ್ಷದವನ ಬಾಯಿಂದ ಬಂದ ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಈ ಆಟದಲ್ಲಿ ಒಬ್ಬನ ಬೀಗವು ಐವರ ಬೀಗವಾಗುವುದೆಂಬುದು ಅದುವರೆಗೆ ನನಗೆ ಹೊಳೆದಿರಲಿಲ್ಲ. ಹಣವನ್ನು ನಾನು ಕೊಡಲಿಲ್ಲ. ಅದಕ್ಕೆ ಕಾರಣವು ಎಂಟುನೂರು ರೂಪಾಯಿಯಲ್ಲ, ಮುಂದಿನ ಋತುವಿನಲ್ಲಿ ರಮಾಟ್ರಾ ಬರುವನೆಂಬ ಸುದ್ದಿ. ಶನಿವಾರ ಭಾನುವಾರಗಳಲ್ಲಿ ಆಡಲು ಬಿಟ್ಟೆವು. ಡಿಸೆಂಬರಿನ ಮೊದಲ ವಾರದಲ್ಲಿ ಋತುವು ಮುಗಿಯುವುದಕ್ಕೆ ಮೂರು ದಿನಗಳಿರುವಾಗ 55ನೆಯ ಮೆಟ್ಟಿಲು ಸಿಕ್ಕಿತು. ಆ ಕೊನೆಯ ಎರಡು ವಾರಗಳು ಅವನ ಪರೀಕ್ಷೆಯ ವಾರಗಳಾಗಿದ್ದುವು. ಓದಬೇಕಾದ ಹೊತ್ತಿನಲ್ಲಿ ಆಟದ ಕಡೆಗೆ ಕೈ ಹೋಗುತ್ತಿದ್ದುದು ಆಟದ ಸುಖದಿಂದಲ್ಲ, ಗಡುವಿನ ಭಯದಿಂದ. ಇದನ್ನು ನಾನು ಕಣ್ಣಾರೆ ಕಂಡೆನು. ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತ ಹುಡುಗನು ಇಷ್ಟು ದಿನಕ್ಕೆ ಇಷ್ಟು ಮೆಟ್ಟಿಲು ಎಂದು ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದನು. 'ಆಟದ ಹುಚ್ಚು' ಎಂದು ನಾವು ಬಯ್ಯುವುದರಲ್ಲಿ ಎಷ್ಟೋ ಭಾಗವು ಈ ಏಣಿಯ ಹುಚ್ಚು. ಆಟವನ್ನು ಆಡುವವನಿಗೆ ನಿಲ್ಲಿಸುವ ಮನಸ್ಸಿದ್ದರೂ ಏಣಿಯು ನಿಲ್ಲಗೊಡದು.

ಸಂಸ್ಥೆಯವರ ಪಕ್ಷವನ್ನೂ ಕೇಳಬೇಕಷ್ಟೆ. ಆಟಕ್ಕೆ ಬೆಲೆಯನ್ನೇ ಬಿಟ್ಟ ಮೇಲೆ ಕೆಲಸಗಾರರ ಸಂಬಳವೂ ಯಂತ್ರಾಗಾರಗಳ ಖರ್ಚೂ ಎಲ್ಲಿಂದ ಬರಬೇಕು? ಹೊಸ ವೀರನನ್ನು ಮೊದಲ ಎರಡು ವಾರ ಸ್ಪರ್ಧೆಯ ಪಂದ್ಯಗಳಿಗೆ ಯಾರೂ ತರಕೂಡದೆಂದು ನಿಯಮವಿತ್ತು. ಹಣವಿಲ್ಲದವನೂ ತಾಳ್ಮೆಯಿಂದ ಅವಳನ್ನು ಪಡೆಯಬಹುದಿತ್ತು. ಋತುವು ತಪ್ಪಿಹೋದರೆ ಬೇರೆ ದಾರಿಯೂ ಇತ್ತು. ಇವೆಲ್ಲವೂ ನಿಜ. ಆದರೆ ಹಣವನ್ನು ಸಂಪಾದಿಸಲು ವೀರನಿಗೆ ಬೀಗ ಹಾಕಲೇಬೇಕೆಂಬುದು ನಿಜವಲ್ಲ. 2013ರಲ್ಲಿ ವ್ಯಾಲ್ವ್ ಎಂಬ ಮತ್ತೊಂದು ಅಮೆರಿಕದ ಸಂಸ್ಥೆಯವರು ಹೊರತಂದ 'ಡೋಟಾ 2' ಎಂಬ ಆಟದಲ್ಲಿ (ಅದು ಬಂದೂಕಿನ ಆಟವಲ್ಲ, ಆದರೂ ಐವರಿಗೆ ಐವರ ಸ್ಪರ್ಧೆಯೇ) ವೀರರೆಲ್ಲರನ್ನೂ ಎಲ್ಲರಿಗೂ ಬಿಟ್ಟುಕೊಟ್ಟು, ಅವರ ಉಡುಗೆ ತೊಡುಗೆಗಳನ್ನು ಮಾತ್ರ ಮಾರಿದರು. ಆ ಆಟವು ಬಡವಾಗಲಿಲ್ಲ. ಓವರ್‌ವಾಚಿನವರೂ ಬಟ್ಟೆಬರೆಗಳನ್ನು ಮಾರುತ್ತಲೇ ಇದ್ದರು. ರೇಷ್ಮೆಯ ಅಂಗಿಯನ್ನು ತೊಟ್ಟು ಕುಸ್ತಿಯ ಕಣಕ್ಕೆ ಬರುವೆನೆಂಬವನಿಗೆ ಅಂಗಿಯನ್ನು ಮಾರಿರಿ, ಬೇಡವೆನ್ನುವವರಾರು? ಪಟ್ಟನ್ನು ಮಾರಬಾರದು.

ಇಲ್ಲಿ ಕರ್ಣನ ನೆನಪು ಬಾರದೆ ಇರದು. ದ್ರೋಣನು ಏರ್ಪಡಿಸಿದ ರಂಗದಲ್ಲಿ ಅರ್ಜುನನು ತೋರಿಸಿದ ವಿದ್ಯೆಗಳನ್ನೆಲ್ಲ ಕರ್ಣನೂ ತೋರಿಸಿದನು. ದ್ವಂದ್ವಕ್ಕೆ ಕರೆದೊಡನೆ ಕೃಪನು ನಿನ್ನ ಕುಲವಾವುದೆಂದು ಕೇಳಿದನು; ಕರ್ಣನ ತಲೆ ಬಾಗಿತು. ಅದೊಂದು ಬೀಗ. ದುರ್ಯೋಧನನು ಆ ಗಳಿಗೆಯಲ್ಲಿಯೇ ಅಂಗರಾಜ್ಯವನ್ನು ಕೊಟ್ಟು ಬೀಗವನ್ನು ತೆಗೆಸಿದನು. ನಾವು ಸಾಮಾನ್ಯವಾಗಿ ದುರ್ಯೋಧನನ ಔದಾರ್ಯವನ್ನು ಹೊಗಳಿ ಸುಮ್ಮನಾಗುವೆವು. ಆದರೆ ಕರ್ಣನ ಬಿಲ್ಗಾರಿಕೆಯು ಅಭಿಷೇಕಕ್ಕೆ ಮೊದಲು ಎಷ್ಟಿತ್ತೋ ಅನಂತರವೂ ಅಷ್ಟೇ ಇದ್ದಿತು. ಒಂದು ಕ್ಷಣದ ಹಿಂದೆ ಅನರ್ಹನಾಗಿದ್ದವನು ಸಂಪತ್ತು ಬಂದೊಡನೆ ಅರ್ಹನಾದನೆಂದರೆ, ಆ ಪ್ರಶ್ನೆಗೂ ವಿದ್ಯೆಗೂ ಸಂಬಂಧವಿರಲಿಲ್ಲವೆಂಬುದು ಸ್ಪಷ್ಟ. ಆ ಸಂಪತ್ತನ್ನು ಕೊಟ್ಟವನ ಋಣವನ್ನು ಅವನು ಸಾಯುವವರೆಗೂ ತೀರಿಸುತ್ತಲೇ ಇದ್ದನು.

ಇನ್ನು ಮುಂದಿನ ಕಥೆ. 2024ನೆಯ ಏಪ್ರಿಲ್ 16ರಂದು ಹತ್ತನೆಯ ಋತುವು ಆರಂಭವಾದಾಗ ಬ್ಲಿಜರ್ಡಿನವರು ತಮ್ಮ ನಿಯಮವನ್ನು ತಾವೇ ಬದಲಾಯಿಸಿದರು. ಅಂದು ವೆಂಚರ್ ಎಂಬ ಹೊಸ ವೀರವ್ಯಕ್ತಿ ಬಂದಾಗ ಏಣಿಯೂ ಇಲ್ಲ, ಬೆಲೆಯೂ ಇಲ್ಲ. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ದೊರೆಯಿತು. ಕಿರಿಕೋಳಿಂದ ಮೊದಲಾಗಿ ಹಿಂದಿನ ಋತುಗಳಲ್ಲಿ ಬಂದು ಕೆಲವರಿಗೆ ಬೀಗದೊಳಗೇ ಉಳಿದಿದ್ದವರನ್ನೂ ಬಿಡುಗಡೆ ಮಾಡಿದರು. ಇದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೊಂದುಂಟು. ಹೊಸಬನಿಗೆ ಹಾಕಿದ್ದ ಮೊದಲನೆಯ ಬೀಗವನ್ನು ಅವರು ಆಗ ತೆಗೆಯಲಿಲ್ಲ. ಹಳೆಯ ವೀರರನ್ನು ಅವನು ಆಡುತ್ತ ಆಡುತ್ತಲೇ ಪಡೆಯಬೇಕೆಂಬ ಕ್ರಮವನ್ನು ಉಳಿಸಿಕೊಂಡರು. ಅಂಗಡಿಯ ಬೀಗ ಹೋಯಿತು, ಪಾಠಶಾಲೆಯ ಬೀಗ ನಿಂತಿತು. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರೂ ಎರಡೂ ಒಂದಲ್ಲವೆಂಬುದನ್ನು ಅವರ ವ್ಯವಹಾರವೇ ಒಪ್ಪಿಕೊಂಡಂತಾಯಿತು. ಅದೇ ವರ್ಷದ ಡಿಸೆಂಬರ್ 6ರಂದು ಚೀನಾದೇಶದ ನೆಟ್‌ಈಸ್ ಎಂಬ ಸಂಸ್ಥೆಯವರು ಇದಕ್ಕೆ ಪ್ರತಿಸ್ಪರ್ಧಿಯಾಗಿ 'ಮಾರ್ವೆಲ್ ರೈವಲ್ಸ್' ಎಂಬ ಆಟವನ್ನು ತಂದಾಗ 33 ವೀರರನ್ನೂ ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿಟ್ಟರು.

ಹಾಗಾದರೆ ಬೀಗಗಳ ಕಾಲವು ಮುಗಿಯಿತೇ ಎಂದರೆ, ಇಲ್ಲ. ನಮ್ಮ ದೇಶದ ಹುಡುಗರು ಹೆಚ್ಚಾಗಿ ಆಡುವ 'ವ್ಯಾಲರಂಟ್' ಎಂಬ ಆಟದ ರೀತಿ ಬೇರೆ. ರಯಟ್ ಗೇಮ್ಸ್ ಎಂಬ ಸಂಸ್ಥೆಯವರು ಅದನ್ನು 2020ನೆಯ ಜೂನ್ 2ರಂದು ಹೊರತಂದರು, ಅಂದಿನಿಂದಲೇ ಉಚಿತ. ಅಲ್ಲಿ ವೀರರನ್ನು 'ಏಜೆಂಟ್' ಎನ್ನುವರು. ಐವರ ಎದುರಿಗೆ ಐವರು. 13 ಸುತ್ತುಗಳನ್ನು ಮೊದಲು ಗೆದ್ದವರಿಗೆ ಜಯ. ಬ್ರಿಮ್‌ಸ್ಟೋನ್, ಜೆಟ್, ಫೀನಿಕ್ಸ್, ಸೇಜ್, ಸೋವಾ ಎಂಬ ಐವರನ್ನು ಮೊದಲಿಗೇ ಕೊಟ್ಟರು; ಉಳಿದವರಿಗೆ ಬೀಗ. 2023ರ ಜೂನ್ ತಿಂಗಳಿನಲ್ಲಿ ಅವರು ಏರ್ಪಡಿಸಿದ ಕ್ರಮವು ಹೀಗಿತ್ತು: ಪಂದ್ಯಗಳನ್ನು ಆಡಿ ಸಂಪಾದಿಸುವ 'ಕಿಂಗ್‌ಡಮ್ ಕ್ರೆಡಿಟ್' ಎಂಬ ನಾಣ್ಯಗಳಲ್ಲಿ 8000 ಕೊಟ್ಟರೆ ಒಬ್ಬ ಏಜೆಂಟ್. ಚೀಲದಲ್ಲಿ 10,000ಕ್ಕಿಂತ ಹೆಚ್ಚು ನಿಲ್ಲದು. ಕೂಡಿಡುವ ಜಿಪುಣನಿಗೆ ಅಲ್ಲಿ ಎಡೆಯಿಲ್ಲ. ಹೊಸ ಏಜೆಂಟ್ ಬಂದಾಗ ಮಾತ್ರ 28 ದಿನಗಳ ಅವಧಿ. ಅದರೊಳಗೆ 2,00,000 ಅನುಭವಾಂಕಗಳನ್ನು ಗಳಿಸಿದವನಿಗೆ ಅವನು ಉಚಿತ. ಕಾಯಲಾರದವನು ಹಣ ಕೊಟ್ಟು ಪಡೆದ 1000 ಅಂಕಗಳಿಂದ ಆ ಕ್ಷಣವೇ ತೆಗೆಯಬಹುದು.

ಇದೂ ಅಂಗಡಿಯ ಬೀಗವೇ. ಆದರೂ ಓವರ್‌ವಾಚಿನಷ್ಟು ಕ್ರೂರವೆಂದು ನಾನು ಹೇಳಲಾರೆನು. ವ್ಯಾಲರಂಟಿನಲ್ಲಿ ಪಂದ್ಯವು ಆರಂಭವಾದ ಮೇಲೆ ಏಜೆಂಟನ್ನು ಬದಲಾಯಿಸುವಂತಿಲ್ಲ. ಆದುದರಿಂದ ನಡುವೆ ಎದ್ದ ಪ್ರಶ್ನೆಗೆ ಉತ್ತರವು ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿತೆಂಬ ಸಂಕಟವಿಲ್ಲ. ಎಲ್ಲರ ಕೈಯಲ್ಲಿಯೂ ಬಂದೂಕುಗಳು ಒಂದೇ. ಗುರಿಯೇ ಅಲ್ಲಿ ಮೊದಲ ಬಲ, ಏಜೆಂಟಿನ ವಿದ್ಯೆಗಳು ಅದಕ್ಕೆ ಒತ್ತಾಸೆ. ತೊಂದರೆ ಬರುವುದು ಆರಿಸಿಕೊಳ್ಳುವಾಗ. ಒಂದು ಪಕ್ಷದಲ್ಲಿ ಒಬ್ಬ ಏಜೆಂಟನ್ನು ಒಬ್ಬನೇ ಹಿಡಿಯಬಹುದು. ಐವರನ್ನಷ್ಟೇ ಉಳ್ಳವನು ತಾನು ಆರಿಸಿಕೊಳ್ಳುವ ಮೊದಲೇ ಇಬ್ಬರು ಮೂವರು ಹೋಗಿಬಿಟ್ಟರೆ ಉಳಿದುದರಲ್ಲಿ ತೃಪ್ತನಾಗಬೇಕು.

ಗೃಹಸ್ಥರಿಗೆ ಇಲ್ಲಿ ಒಂದು ಲೆಕ್ಕವು ಉಪಯುಕ್ತವಾದೀತು. 2,00,000ವನ್ನು 28ರಿಂದ ಭಾಗಿಸಿದರೆ ದಿನಕ್ಕೆ 7,000ಕ್ಕೆ ಮೇಲಾಗುವುದು. ಒಂದು ಪಂದ್ಯವೆಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅದರಿಂದ ಬರುವ ಅಂಕಗಳು ಕೆಲವು ಸಾವಿರ. ಹೊಸ ಏಜೆಂಟ್ ಬಂದ ತಿಂಗಳಲ್ಲಿ ಹುಡುಗನು ಪ್ರತಿದಿನವೂ, ಹಬ್ಬದ ದಿನವೂ, ಒಂದೆರಡು ಪಂದ್ಯಗಳಿಗೆ ಕೂರುವುದು ಏತಕ್ಕೆಂಬುದು ಇದರಿಂದ ತಿಳಿಯುವುದು. ಆದರೆ ಆ ಅವಧಿಯು ತಪ್ಪಿದರೆ ವೀರನು ಮಾಯವಾಗುವುದಿಲ್ಲ. 8000 ನಾಣ್ಯಗಳ ದಾರಿಯು ತೆರೆದೇ ಇರುವುದೆಂದು ಸಂಸ್ಥೆಯವರ ನಿಯಮದಲ್ಲಿಯೇ ಇತ್ತು. ಗಡುವಿಗೆ ಹೆದರಿ ಊಟ ಬಿಟ್ಟು ಕುಳಿತ ಹುಡುಗನಿಗೆ, ಆಟವನ್ನು ನಿಲ್ಲಿಸೆಂದು ಗದರುವುದಕ್ಕಿಂತ ಈ ಎರಡನೆಯ ದಾರಿಯನ್ನು ತೋರಿಸುವುದು ಮೇಲು. ನಮ್ಮಲ್ಲಿ ಅದು ಕೆಲಸ ಮಾಡಿತು. ತಾತನಿಗೆ ನಿಯಮವು ತಿಳಿದಿದೆಯೆಂದು ಕಂಡೊಡನೆ ಅರ್ಧ ಜಗಳವು ತಾನಾಗಿ ನಿಂತಿತು.

2022ರ ಅಕ್ಟೋಬರಿನಲ್ಲಿ ಈ ಆಟಕ್ಕೆ ನಮ್ಮವನೊಬ್ಬನು ಬಂದನು. ಹಾರ್ಬರ್ ಎಂದು ಅವನ ರಣನಾಮ. ಹುಟ್ಟುಹೆಸರು ವರುಣ ಬಾತ್ರಾ. ಭಾರತದ ಕರಾವಳಿಯವನು, ಪ್ರಾಚೀನವಾದೊಂದು ಸಾಧನದ ಬಲದಿಂದ ನೀರನ್ನು ಆಳುವವನು. ವರುಣನೆಂಬವನು ನೀರನ್ನು ಆಳುವುದು ನನ್ನಂಥ ಸಂಸ್ಕೃತದವನಿಗೆ ಸಹಜವಾಗಿಯೇ ತೋರಿತು. ಅವನು ಬಂದ ಸುದ್ದಿಯನ್ನು ಕೇಳಿ ನಮ್ಮ ಬೀದಿಯ ಹುಡುಗರೆಲ್ಲ ಅವನನ್ನೇ ಆಡಬೇಕೆಂದು ಹಾತೊರೆದರು. ಆದರೆ ಮೊದಲಿಗೇ ಕೊಡುವ ಐವರಲ್ಲಿ ಅವನು ಸೇರಿರಲಿಲ್ಲ. ಹಣವುಳ್ಳ ಇಬ್ಬರು ಆ ಸಂಜೆಯೇ ವರುಣರಾದರು. ಉಳಿದವರು ಫೀನಿಕ್ಸನೋ ಜೆಟ್ಟಳೋ ಆಗಿ ಅವನಿಗೋಸ್ಕರ ವಾರಗಟ್ಟಲೆ ಪಂದ್ಯಗಳನ್ನು ಆಡಿದರು.